ಪೇಂಟಿನ ಗೀರು ನೋಡ್ಲಿಕ್ಕೆ ಎಂಥ ಟಾರ್ಚ್? ಹೈ ಸಿಆರ್‌ಐ ಬೇಕೇ ಬೇಕಾ?

ಕುಂಬ್ಳೆ ವಾಶ್:
ಶೆಡ್ಡಿನಲ್ಲಿ ಮೂರು ಟ್ಯೂಬ್‌ಲೈಟ್ ಉಂಟು. ಅದರಡಿಯಲ್ಲಿ ಪಾಲಿಶ್ ಮಾಡಿದ ಕಪ್ಪು ಕಾರಿನಲ್ಲಿ ಒಂದು ಗೀರೂ ಕಾಣುದಿಲ್ಲ. ಹೊರಗೆ ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸಣ್ಣ ಗೀರು. ಈಗ ಮಳೆಗಾಲ, ಬಿಸಿಲನ್ನು ನಂಬಿ ಕೂರುವ ಹಾಗಿಲ್ಲ. ಡಿಟೇಲಿಂಗಿಗೆ (ಕಾರಿನ ಪೇಂಟ್ ತೊಳೆದು ಪಾಲಿಶ್ ಮಾಡುವ ಕೆಲಸ) ಅಂತಲೇ ಮಾರುವ 95 ಸಿಆರ್‌ಐ (ಬಣ್ಣ ನಿಜವಾಗಿ ತೋರಿಸುವ ಅಳತೆ) ಟಾರ್ಚಿಗೆ ಸಾವಿರಗಟ್ಟಲೆ ಹೇಳ್ತಾರೆ. ಮಾಮೂಲಿ ಚಾರ್ಜಿಂಗ್ ಟಾರ್ಚ್, ಮೊಬೈಲ್ ಲೈಟ್ ಸಾಕಾಗುದಿಲ್ವಾ? ಗೊತ್ತಿದ್ದವರು ಹೇಳಿ.

ಕಾಸರಗೋಡು ಪೇಂಟ್ ಬೂತ್:
ಸಾಕಾಗುವುದಿಲ್ಲ. ಅಗ್ಗದ ಎಲ್‌ಇಡಿ ನೀಲಿಗೆ ತಿರುಗಿದ ಬೆಳಕು, ಅದರಡಿ ಬಣ್ಣವೇ ಸರಿ ಕಾಣುವುದಿಲ್ಲ. ಟ್ಯೂಬ್‌ಲೈಟಿನಡಿ ಸರಿಹೊಂದಿದ ಸಿಲ್ವರ್ ಮೆಟಾಲಿಕ್ ಬಿಸಿಲಿಗೆ ಬಂದಾಗ ಬೇರೆಯಾಗಿ ಕಾಣುವುದು ಇದೇ ಕಾರಣಕ್ಕೆ. ಡೆನ್ಮಾರ್ಕಿನ ಸ್ಕ್ಯಾನ್‌ಗ್ರಿಪ್‌ನಂಥವರ ಲೈಟಿನಲ್ಲಿ 2500ರಿಂದ 6500 ಕೆಲ್ವಿನ್ ತನಕ (ಬೆಳಕಿನ ಬಣ್ಣದ ಅಳತೆ, ಕಮ್ಮಿ ಆದರೆ ಹಳದಿ, ಹೆಚ್ಚಾದರೆ ಬಿಳಿ) ಬೆಳಕು ಬದಲಾಯಿಸಬಹುದು. ಬೆಳಗ್ಗಿನ ಬಿಸಿಲು, ನಡುಮಧ್ಯಾಹ್ನ, ಮೋಡ, ಎಲ್ಲವನ್ನೂ ಬೂತಿನೊಳಗೇ ನೋಡಿಕೊಳ್ಳಬಹುದು. ಒಂದು ಸಲ ದುಡ್ಡು ಹಾಕಿ, ಮತ್ತೆ ತಲೆಬಿಸಿ ಇಲ್ಲ.

ಬದಿಯಡ್ಕ ಡಿಎ:
ಬೂತಿನವರು ಹೇಳಿದ್ದು ಬಣ್ಣ ಹೊಂದಿಸುವ ಕೆಲಸಕ್ಕೆ ನೂರಕ್ಕೆ ನೂರು ಸರಿ. ಆದರೆ ಕುಂಬ್ಳೆಯವರು ಕೇಳಿದ್ದು ಗೀರಿನ ವಿಷಯ ಅಲ್ವಾ? ಸಿಆರ್‌ಐ ಅಂದ್ರೆ ಬಣ್ಣ ಎಷ್ಟು ನಿಜವಾಗಿ ಕಾಣ್ತದೆ ಅನ್ನುವ ಅಳತೆ. ಗೀರಿಗೆ ಬಣ್ಣ ಇಲ್ಲ. ಅದು ಕ್ಲಿಯರ್ ಕೋಟಿನಲ್ಲಿ, ಅಂದ್ರೆ ಬಣ್ಣದ ಮೇಲಿನ ಪಾರದರ್ಶಕ ಪದರದಲ್ಲಿ, ಬಿದ್ದ ಸಣ್ಣ ಕಾಲುವೆ. ಕಾಲುವೆಯ ಓರೆ ಗೋಡೆಗೆ ಬೆಳಕು ಬಡಿದು ಕಣ್ಣಿನ ಕಡೆ ತಿರುಗಿದರೆ ಕಾಣ್ತದೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಲೆಕ್ಕಕ್ಕೆ ಬರುವುದು ಬೆಳಕಿನ ಮೂಲ ಎಷ್ಟು ಸಣ್ಣದು ಅನ್ನುವುದು. ಸೂರ್ಯ ನಮಗೆ ಕಾಣುವುದು ಹೆಚ್ಚುಕಮ್ಮಿ ಅರ್ಧ ಡಿಗ್ರಿ ಅಗಲ. 3 ಮಿಲಿಮೀಟರ್ ಎಲ್‌ಇಡಿಯನ್ನು ಪೇಂಟಿನಿಂದ 35 ಸೆಂಟಿಮೀಟರ್ ದೂರ ಹಿಡಿದರೆ ಅದೂ ಅರ್ಧ ಡಿಗ್ರಿ. ನಾಲ್ಕಡಿ ಟ್ಯೂಬ್ ಎರಡು ಮೀಟರ್ ಮೇಲಿದ್ದರೂ ಉದ್ದಕ್ಕೆ 30 ಡಿಗ್ರಿಗಿಂತ ಹೆಚ್ಚು. ಅಷ್ಟು ದಿಕ್ಕಿನಿಂದ ಬೆಳಕು ಬಂದರೆ ಒಂದು ಕಡೆಯ ಬೆಳಕು ತೋರಿಸಿದ ಗೀರನ್ನು ಇನ್ನೊಂದು ಕಡೆಯ ಬೆಳಕು ಮುಚ್ಚಿಬಿಡ್ತದೆ. ನಿಮ್ಮ ಶೆಡ್ಡಿನಲ್ಲಿ ಆಗ್ತಾ ಇರುವುದು ಅದೇ. ಟಾರ್ಚ್ ಹಿಡಿಯುವಾಗ ಮೊದಲು ಆ ಮೂರು ಟ್ಯೂಬನ್ನು ಆರಿಸಿ.

ಉಪ್ಪಳ ಸೆಕೆಂಡ್ಸ್:
ಹಾಗಾದ್ರೆ ಮೊಬೈಲ್ ಲೈಟೇ ಬೆಸ್ಟ್ ಆಯ್ತಲ್ಲ ಮಾರಾಯ್ರೆ! ಸೆಕೆಂಡ್‌ಹ್ಯಾಂಡ್ ಗಾಡಿ ನೋಡುವಾಗ ನಾವು ಅದನ್ನೇ ಹಿಡಿಯುವುದು.

ಬದಿಯಡ್ಕ ಡಿಎ:
ಗಾಡಿ ತೆಗೆದುಕೊಳ್ಳುವಾಗ ನೋಡ್ಲಿಕ್ಕೆ ಸಾಕು. ಮೂಲ ಸಣ್ಣದು, ಹಾಗಾಗಿ ಗೀರು ಚೂಪಾಗಿ ಕಾಣ್ತದೆ. ಆದರೆ ಬೆಳಕು ಕಮ್ಮಿ. ಹತ್ತಿರ ಹಿಡಿಯಬೇಕು, ಆಗ ಒಂದು ಸಲಕ್ಕೆ ಅಂಗೈಯಗಲ ಮಾತ್ರ ಸಿಗ್ತದೆ. ಇಡೀ ಬಾನೆಟ್ ಹಾಗೆ ನೋಡಿ ಮುಗಿಯುದಿಲ್ಲ. ಒಂದೇ ಚಿಪ್ ಇರುವ, ಗಾಜು ಮಸುಕಿಲ್ಲದ ಟಾರ್ಚ್ ತೆಗೆದುಕೊಳ್ಳಿ. ಉದ್ದ ಪಟ್ಟಿಯ ಸಿಒಬಿ (ಸಣ್ಣ ಎಲ್‌ಇಡಿಗಳು ಒತ್ತೊತ್ತಾಗಿ ಕೂತ) ವರ್ಕ್‌ಲೈಟ್ ಗೀರಿಗೆ ಬೇಡ. ಕಿತ್ತಳೆ ಸಿಪ್ಪೆಯ ಹಾಗೆ ತರಿಯಾದ ಪೇಂಟ್, ಸಣ್ಣ ಡೆಂಟ್, ಲೆವೆಲ್ ಆಗದ ಪ್ಯಾಚ್ ನೋಡ್ಲಿಕ್ಕೆ ಅದು ಒಳ್ಳೆಯದು, ಪಟ್ಟಿಯ ಪ್ರತಿಬಿಂಬ ಎಲ್ಲಿ ಬಾಗ್ತದೆ ಅಂತ ನೋಡಿದರಾಯ್ತು.

ಝೂಮ್ ಟಾರ್ಚೂ ಬೇಡ. ಪೂರ್ತಿ ಎಳೆದರೆ ಚಿಪ್ಪಿನ ಚೌಕವೇ ಪೇಂಟಿನ ಮೇಲೆ ಬೀಳ್ತದೆ, ಅದರ ಅಂಚನ್ನೇ ಗೀರು ಅಂದುಕೊಳ್ಳಬೇಕಾದೀತು.

ಪೆರ್ಲ ರೋಟರಿ:
ಒಂದು ವಿಷಯ ಸೇರಿಸ್ತೇನೆ. ಟಾರ್ಚಿನ ಸುತ್ತ ಗೀರುಗಳು ವೃತ್ತವಾಗಿ ಕಾಣ್ತವೆ, ಜನ ಅದನ್ನು "ಮೆಶಿನ್ ತಿರುಗಿದ ಗುರುತು" ಅಂತಾರೆ. ಹಾಗೇನಿಲ್ಲ. ಗೀರು ಎಲ್ಲಾ ದಿಕ್ಕಿಗೂ ಉಂಟು, ಪ್ರತಿಬಿಂಬದ ಸುತ್ತ ಅಡ್ಡ ಬಿದ್ದವು ಮಾತ್ರ ಮಿನುಗ್ತವೆ. ಟಾರ್ಚ್ ಸರಿಸಿದರೆ ವೃತ್ತವೂ ಸರಿಯುತ್ತದೆ. ಮೆಶಿನಿನದ್ದು ಹಾಲೋಗ್ರಾಮ್. ಅದು ಅಗಲ ಪಟ್ಟೆಯಾಗಿ, ಮೆಶಿನ್ ಹೋದ ದಾರಿಯಲ್ಲೇ ಇರ್ತದೆ, ಟಾರ್ಚ್ ಆಡಿಸಿದಾಗ ಆಳ ಇದ್ದ ಹಾಗೆ ಕುಣಿಯುತ್ತದೆ. ರೋಟರಿಗೆ (ಗುಂಡಗೆ ಮಾತ್ರ ತಿರುಗುವ ಪಾಲಿಶ್ ಮೆಶಿನ್) ಉಣ್ಣೆ ಪ್ಯಾಡ್ ಹಾಕಿ ಕಂಪೌಂಡ್ (ತರಿ ಪಾಲಿಶ್) ಹೊಡೆದು ಅಲ್ಲಿಗೇ ಬಿಟ್ಟರೆ ಇದು ಖಂಡಿತ. ಮೇಲಿಂದ ಡಿಎಯಲ್ಲಿ (ತಿರುಗುತ್ತಾ ಅತ್ತಿತ್ತ ಆಡುವ ಪಾಲಿಶ್ ಮೆಶಿನ್) ಸಾಫ್ಟ್ ಫೋಮ್ ಪ್ಯಾಡ್, ಫಿನಿಶಿಂಗ್ ಪಾಲಿಶ್ ಹಾಕಿದರೆ ಹೋಗ್ತದೆ.

ಮತ್ತೆ ಒಂದೇ ಕಡೆ ನಿಂತು ನೋಡಬೇಡಿ. ನಮ್ಮಲ್ಲಿ ಕೆಂಪುಕಲ್ಲಿನ ಧೂಳಿನ ಮೇಲೆ ಒಣ ಬಟ್ಟೆಯಲ್ಲಿ ಉದ್ದುದ್ದ ಒರೆಸುವ ಅಭ್ಯಾಸ. ಆ ಗೀರೆಲ್ಲ ಒಂದೇ ದಿಕ್ಕಿಗೆ. ಬಂಪರ್ ಕಡೆಯಿಂದ ನೋಡಿದರೆ ಕಾಣದಿರುವುದು ಫೆಂಡರ್ ಕಡೆ ಹೋದರೆ ಕಾಣ್ತದೆ. ಪ್ರತಿ ಪ್ಯಾನೆಲನ್ನೂ ಎರಡು ಬದಿಯಿಂದ, 90 ಡಿಗ್ರಿ ಬದಲಾಯಿಸಿ ನೋಡಬೇಕು.

ಕುಂಬ್ಳೆ ವಾಶ್:
ಇದು ಉಪಕಾರ ಆಯ್ತು. ಬಿಳಿ ಗಾಡಿಗೆ ಎಂತ ಮಾಡುವುದು? ಟಾರ್ಚ್ ಹಿಡಿದರೆ ಕಣ್ಣು ಕೋರೈಸುತ್ತದೆ ಬಿಟ್ಟರೆ ಏನೂ ಕಾಣುದಿಲ್ಲ.

ಕಾಸರಗೋಡು ಪೇಂಟ್ ಬೂತ್:
ಅದಕ್ಕೇ ಹೇಳಿದ್ದು ಕೆಲ್ವಿನ್ ಬದಲಾಗುವ ಲೈಟ್ ಬೇಕು ಅಂತ. ಬಿಳಿ, ಸಿಲ್ವರ್ ಗಾಡಿಗೆ ಹಳದಿ ಬೆಳಕು, 3000ದ ಆಸುಪಾಸು. ಕಪ್ಪು, ಗಾಢ ನೀಲಿಗೆ ಬಿಳಿ ಬೆಳಕು.

ಬದಿಯಡ್ಕ ಡಿಎ:
ಹಳದಿ ಬೆಳಕಿನಲ್ಲಿ ಕಣ್ಣಿಗೆ ಆಯಾಸ ಕಮ್ಮಿ, ಅದು ನಿಜ. ಆದರೆ ಬಿಳಿ ಗಾಡಿಯ ತೊಂದರೆ ಬೇರೆ. ಕ್ಲಿಯರ್ ಕೋಟಿನಡಿಯ ಬಿಳಿ ಬಣ್ಣ ಬೆಳಕನ್ನು ಎಲ್ಲಾ ಕಡೆಗೆ ಚೆಲ್ಲುತ್ತದೆ, ಗೀರಿನ ಸಣ್ಣ ಮಿನುಗು ಅದರಲ್ಲಿ ಮುಳುಗ್ತದೆ. ಕಪ್ಪು ಬಣ್ಣ ಬೆಳಕನ್ನು ನುಂಗುವುದರಿಂದ ಮಿನುಗು ಮಾತ್ರ ಉಳಿಯುತ್ತದೆ. ಬಿಳಿಯ ಮೇಲೆ ಲ್ಯೂಮೆನ್ (ಬೆಳಕಿನ ಪ್ರಮಾಣ) ಏರಿಸಿದರೆ ಚೆಲ್ಲುವ ಬೆಳಕೂ ಮಿನುಗೂ ಒಟ್ಟಿಗೇ ಏರ್ತವೆ, ಲಾಭ ಇಲ್ಲ. ಶೆಡ್ ಕತ್ತಲೆ ಮಾಡಿ, ಟಾರ್ಚಿನ ಪ್ರತಿಬಿಂಬದ ಅಂಚಿಗೆ ತಾಗಿದ ನಾಲ್ಕೈದು ಸೆಂಟಿಮೀಟರ್ ಜಾಗವನ್ನೇ ನೋಡಿ. ಪ್ರತಿಬಿಂಬವನ್ನೇ ದಿಟ್ಟಿಸಬೇಡಿ. ಹಳದಿಯೋ ಬಿಳಿಯೋ ಅನ್ನುವುದು ಆಮೇಲಿನ ಮಾತು.

ಕಾಸರಗೋಡು ಪೇಂಟ್ ಬೂತ್:
ಕತ್ತಲೆ ಮಾಡುವುದು ಸರಿ, ಒಪ್ಪಿದೆ. ಬೆಳಕಿನ ಬಣ್ಣ "ಆಮೇಲಿನ ಮಾತು" ಅನ್ನುವುದು ಒಪ್ಪಲಾಗದು. ಪರ್ಲ್ ವೈಟ್‌ನಲ್ಲಿ ಟಚ್‌ಅಪ್ ಮಾಡಿದ ಜಾಗ ಹಳದಿ ಬೆಳಕಿನಲ್ಲಿ ಎದ್ದು ಕಾಣಬಹುದು, 6500 ಕೆಲ್ವಿನ್ನಿನ ಬಿಳಿ ಬೆಳಕಿನಲ್ಲಿ ಅಡಗಿರಬಹುದು. ಅದೂ ಡಿಫೆಕ್ಟೇ.

ಬದಿಯಡ್ಕ ಡಿಎ:
ಟಚ್‌ಅಪ್, ರೀಪೇಂಟ್ ಹುಡುಕ್ಲಿಕ್ಕೆ ನಿಮ್ಮ ಲೈಟ್. ಗೀರಿಗೆ ಬೇಡ. ನಾನು ಇಷ್ಟೇ ಹೇಳುವುದು.

ಪೆರ್ಲ ರೋಟರಿ:
ಇಬ್ಬರೂ ಬಿಟ್ಟದ್ದು ಒಂದು ಉಂಟು: ಒರೆಸದೆ ಟಾರ್ಚ್ ಹಿಡಿದರೆ ಎಂಥ ಲೈಟೂ ಸುಳ್ಳು ಹೇಳ್ತದೆ. ಪಾಲಿಶಿನ ಎಣ್ಣೆ ಗೀರಿನೊಳಗೆ ಕೂತು ಮುಚ್ಚಿರ್ತದೆ, ಎರಡು ವಾಶ್ ಆದ ಮೇಲೆ ವಾಪಸ್ ಬರ್ತದೆ. ಪ್ಯಾನೆಲ್ ವೈಪ್ (ಎಣ್ಣೆ ತೆಗೆಯುವ ದ್ರಾವಣ) ಅಥವಾ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹೊಡೆಯಿರಿ. 15 ಪರ್ಸೆಂಟ್ ಸಾಕು. 99ರ ಐಪಿಎ ಆದರೆ 150 ಮಿಲಿಗೆ 850 ಮಿಲಿ ಡಿಸ್ಟಿಲ್ಡ್ ವಾಟರ್. ಮೆಡಿಕಲಿನಲ್ಲಿ ಸಿಗುವ 70ರದ್ದಾದರೆ 215ಕ್ಕೆ 785. ನೇರ ಬಾಟಲಿಯಿಂದ ಹಾಕಬೇಡಿ. ಹೊಸದಾಗಿ ಪೇಂಟ್ ಆದ ಪ್ಯಾನೆಲ್‌ಗೆ ಐಪಿಎ ಬೇಡವೇ ಬೇಡ, ಕ್ಲಿಯರ್ ಮೆತ್ತಗಾಗ್ತದೆ. ಬಟ್ಟೆ ಅಂಚು ಹೊಲಿಗೆ ಇಲ್ಲದ ಮೈಕ್ರೋಫೈಬರ್ ಇರಲಿ. ಮೆತ್ತಗಿನ ಕಪ್ಪು ಪೇಂಟಿನಲ್ಲಿ ಒರೆಸಿದ್ದೇ ಗೀರಾಗ್ತದೆ, ಮತ್ತೆ ಅದನ್ನು ಪಾಲಿಶಿನ ತಪ್ಪು ಅಂದುಕೊಂಡು ಇನ್ನೊಂದು ಸುತ್ತು ಹೊಡೆಯುತ್ತಾರೆ.

ಮಸುಕು (ಹೇಝ್) ನೋಡುವಾಗ ಉಲ್ಟಾ ಮಾಡಿ. ಟಾರ್ಚನ್ನು ಅತಿ ಕಮ್ಮಿ ಬೆಳಕಿಗೆ ಇಟ್ಟು ಒಂದು ಮೀಟರ್ ಹಿಂದೆ ನಿಲ್ಲಿ. ಪ್ರತಿಬಿಂಬದ ಸುತ್ತ ಹಾಲಿನ ಬಣ್ಣದ ಉಂಗುರ ಕಂಡರೆ ಕಂಪೌಂಡಿನ ಮಸುಕು ಇನ್ನೂ ಉಂಟು ಅಂತ. ಜೋರು ಬೆಳಕಿನಲ್ಲಿ ಆ ಉಂಗುರ ಕಣ್ಣಿಗೆ ಬೀಳದೆ ಹೋಗಬಹುದು.

ಉಪ್ಪಳ ಸೆಕೆಂಡ್ಸ್:
ಒಂದು ಖಾರದ ಪ್ರಶ್ನೆ. ಕತ್ತಲೆ ಕೋಣೆ, ಚೂಪು ಟಾರ್ಚ್ ಹಿಡಿದರೆ ಶೋರೂಮಿನಿಂದ ಆಗಷ್ಟೇ ಹೊರಗೆ ಬಂದ ಗಾಡಿಯಲ್ಲೂ ಗೀರು ಸಿಗ್ತದೆ. ಅದನ್ನು ಗಿರಾಕಿಗೆ ತೋರಿಸಿ ಮೂರು ಸ್ಟೇಜ್ ಪಾಲಿಶ್ ಮಾರುವವರು ಇದ್ದಾರೆ. ಇದು ಹೆದರಿಸಿ ದುಡ್ಡು ಮಾಡುವುದಲ್ವಾ?

ಬದಿಯಡ್ಕ ಡಿಎ:
ಹೌದು. ಅದರಲ್ಲಿ ಎರಡು ಮಾತಿಲ್ಲ. ಕಂಪನಿ ಪೇಂಟ್ ಒಟ್ಟು ದಪ್ಪ ಸಾಧಾರಣ 100ರಿಂದ 140 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 35ರಿಂದ 50. ನಮ್ಮ ಮೀಟರ್ ಒಟ್ಟು ದಪ್ಪ ಹೇಳ್ತದೆ, ಕ್ಲಿಯರ್ ಎಷ್ಟು ಉಳಿದಿದೆ ಅಂತ ಹೇಳುವುದಿಲ್ಲ. ಒಂದು ಕಂಪೌಂಡಿಂಗಿನಲ್ಲಿ ಕೆಲವು ಮೈಕ್ರಾನ್ ಹೋಗ್ತದೆ, ಹೋದದ್ದು ಬರುವುದಿಲ್ಲ. ಬಾನೆಟಿನ ಗೆರೆ, ಡೋರಿನ ಮಡಿಕೆ ಇಲ್ಲೆಲ್ಲ ಮೊದಲೇ ತೆಳು. ಪ್ಲಾಸ್ಟಿಕ್ ಬಂಪರಿನಲ್ಲಿ ಮಾಮೂಲಿ ಮೀಟರ್ ಓದುವುದೇ ಇಲ್ಲ.

ಟಾರ್ಚಿನಲ್ಲಿ ಮಾತ್ರ ಕಾಣುವ, ಬಿಸಿಲಿಗೆ ಎರಡು ಹೆಜ್ಜೆ ದೂರದಿಂದ ಕಾಣದ ಗೀರನ್ನು ಬೆನ್ನಟ್ಟಬೇಡಿ. ಉಗುರು ಸಿಕ್ಕಿಕೊಳ್ಳುವ ಗೀರನ್ನೂ ಪೂರ್ತಿ ತೆಗೆಯಲು ಹೋಗಬೇಡಿ, ಅಂಚು ಮೆತ್ತಗೆ ಮಾಡಿ ಬಿಡಿ.

ಕಾಸರಗೋಡು ಪೇಂಟ್ ಬೂತ್:
ಇದಕ್ಕೆ ನನ್ನದೂ ಒಪ್ಪಿಗೆ. 200 ಮೈಕ್ರಾನಿಗಿಂತ ಮೇಲೆ ತೋರಿಸಿದರೆ ಒಮ್ಮೆ ರೀಪೇಂಟ್ ಆಗಿದೆ ಅಂತ ಲೆಕ್ಕ. ದಪ್ಪ ಉಂಟಲ್ಲ ಅಂತ ಜೋರು ಹೊಡೆಯಬೇಡಿ, ಅಡಿಯಲ್ಲಿ ಪುಟ್ಟಿಯೂ ಇರಬಹುದು.

ಕುಂಬ್ಳೆ ವಾಶ್:
ಹಾಗಾದರೆ ನಾನು ಎಲ್ಲಿಂದ ಶುರು ಮಾಡುವುದು?

ಪೆರ್ಲ ರೋಟರಿ:
ಬಾನೆಟಿನ ಮಧ್ಯೆ 50ಕ್ಕೆ 50 ಸೆಂಟಿಮೀಟರ್ ಜಾಗ, ನಡುವೆ ಮಾಸ್ಕಿಂಗ್ ಟೇಪ್. ಒಂದು ಬದಿ ಮುಟ್ಟಬೇಡಿ. ಇನ್ನೊಂದು ಬದಿಗೆ ಮೊದಲು ಫಿನಿಶಿಂಗ್ ಪಾಲಿಶ್, ಸಾಫ್ಟ್ ಪ್ಯಾಡ್, ಡಿಎ 4ನೇ ಸ್ಪೀಡ್, ಅಡ್ಡ ಉದ್ದ ನಾಲ್ಕು ಪಾಸ್. ಐಪಿಎ ಒರೆಸಿ, ಟೇಪ್ ಕಿತ್ತು, ಟ್ಯೂಬ್ ಆರಿಸಿ ಎರಡೂ ಬದಿ ಒಟ್ಟಿಗೆ ನೋಡಿ. ಸಾಲದಿದ್ದರೆ ಮಾತ್ರ ಮೀಡಿಯಂ ಪಾಲಿಶ್. ಎಷ್ಟು ಗೀರು ಉಳಿಯಬಹುದು ಅಂತ ಗಿರಾಕಿಯನ್ನು ಅಲ್ಲೇ ನಿಲ್ಲಿಸಿ ತೋರಿಸಿ, ಆಮೇಲೆ ಇಡೀ ಗಾಡಿಗೆ ಕೈ ಹಾಕಿ.

ಬದಿಯಡ್ಕ ಡಿಎ:
ಮಳೆಗಾಲದಲ್ಲಿ ಸೆರಾಮಿಕ್ (ಪೇಂಟಿನ ಮೇಲೆ ಹಚ್ಚುವ ರಕ್ಷಣೆಯ ಕೋಟಿಂಗ್) ಹಾಕುವುದಾದರೆ ಇನ್ನೊಂದು. ತೇವ ಹೆಚ್ಚಿದ್ದಾಗ ಕೋಟಿಂಗ್ ಬೇಗ ಗಟ್ಟಿಯಾಗ್ತದೆ. ಬಾಟಲಿಯಲ್ಲಿ ಬರೆದ ಸಮಯ ನಂಬಬೇಡಿ, ಅರ್ಧ ಬಾನೆಟಿಗಿಂತ ಹೆಚ್ಚು ಒಂದು ಸಲಕ್ಕೆ ಹಚ್ಚಬೇಡಿ. ಒರೆಸಿದ ಕೂಡಲೇ ಟಾರ್ಚನ್ನು ಪೇಂಟಿಗೆ ಓರೆಯಾಗಿ, ತಗ್ಗಿಸಿ ಹಿಡಿಯಿರಿ. ಕಾಮನಬಿಲ್ಲಿನ ಬಣ್ಣದ ಕಲೆ ಅಥವಾ ಕಪ್ಪಗಿನ ಮಚ್ಚೆ ಕಂಡರೆ ಅದು ಹೈ ಸ್ಪಾಟ್, ಅಂದ್ರೆ ಕೋಟಿಂಗ್ ಹೆಚ್ಚಾಗಿ ಉಳಿದ ಜಾಗ. ಆಗಲೇ ಒರೆಸಿದರೆ ಹೋಗ್ತದೆ, ಮರುದಿನ ಕಂಡರೆ ಪಾಲಿಶ್ ಮಾಡಿಯೇ ತೆಗೆಯಬೇಕು.

ಉಪ್ಪಳ ಸೆಕೆಂಡ್ಸ್:
ಟಾರ್ಚ್ ಅಂಗಡಿಯಲ್ಲೇ ಒಮ್ಮೆ ಉರಿಸಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಪರದೆಯಲ್ಲಿ ಕಪ್ಪು ಪಟ್ಟೆ ಓಡಿದರೆ ಬೆಳಕು ಮಿಣಮಿಣ ಅಂತ ಉಂಟು, ಗಂಟೆಗಟ್ಟಲೆ ನೋಡಿದರೆ ತಲೆನೋವು. ಮತ್ತೆ ಕಬ್ಬಿಣದ ಬಾಯಿ ಇರುವ ಟಾರ್ಚ್ ಆದರೆ ಸೈಕಲ್ ಟ್ಯೂಬಿನ ತುಂಡೊಂದು ಸುತ್ತ ಏರಿಸಿ, ಕೈ ಜಾರಿದರೆ ಗೀರು ಹುಡುಕುವ ಟಾರ್ಚೇ ಗೀರು ಹಾಕೀತು.