ಬಿಸಿಯಾದ ಮೇಲೆ ಸೆಲ್ಫ್ ಎತ್ತದ ಹಳೆಯ ಮ್ಯಾಸಿ 1035: ಬ್ಯಾಟರಿಯೇ, ಮೋಟಾರೇ?

ಎರೆಹೊಲ (ರಾಣೆಬೆನ್ನೂರು):
ಎಲ್ಲರಿಗೂ ನಮಸ್ಕಾರ. ನಮ್ಮದು ಹಳೆಯ ಮ್ಯಾಸಿ ಫರ್ಗ್ಯುಸನ್ 1035 ಟ್ರಾಕ್ಟರ್, ಮೂರು ಸಿಲಿಂಡರಿನದು. ಬೆಳಿಗ್ಗೆ ಸೆಲ್ಫ್ (ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್) ಒಂದೇ ಸಲಕ್ಕೆ ಎತ್ತುತ್ತದೆ. ಹೊಲದಲ್ಲಿ ಕೆಲಸ ಮಾಡಿ ಊಟಕ್ಕೆಂದು ನಿಲ್ಲಿಸಿದೆವೋ, ಅಲ್ಲಿಗೆ ಮುಗಿಯಿತು. ಕೀ ತಿರುಗಿಸಿದರೆ ‘ಟಕ್’ ಎಂಬ ಒಂದು ಸದ್ದು. ಇಂಜಿನ್ ಅರ್ಧ ಸುತ್ತು ಮುಕ್ಕರಿದು ನಿಲ್ಲುತ್ತದೆ. ತಣ್ಣಗಾಗಲು ಬಿಟ್ಟರೆ ಮತ್ತೆ ಎತ್ತುತ್ತದೆ. ಬ್ಯಾಟರಿ ಕಳೆದ ದೀಪಾವಳಿಗೆ ಹಾಕಿಸಿದ್ದು. ಪೇಟೆಯ ಅಂಗಡಿಯೊಂದರಲ್ಲಿ ಬಿಚ್ಚಿ ನೋಡದೆಯೇ ‘ಸೆಲ್ಫ್ ಹೋಗಿದೆ, ಹೊಸದು ಹಾಕಿಸಿ’ ಎಂದರು. ಮೆಕ್ಕೆಜೋಳದ ಬಿತ್ತನೆ ತಲೆಯ ಮೇಲೆ ಬಂದಿದೆ, ದಿನವೂ ದಿಬ್ಬ ಹುಡುಕಿ ನಿಲ್ಲಿಸಿ ಸಾಕಾಗಿದೆ. ನನ್ನ ಬಳಿ ಮಲ್ಟಿಮೀಟರ್ ಇದೆ. ಬ್ಯಾಟರಿಯ ನೆಗೆಟಿವ್‌ನಿಂದ ಚಾಸಿಗೆ ಹಿಡಿದರೆ ಬೀಪ್ ಬರುತ್ತದೆ, ಅಂದರೆ ಅರ್ಥಿಂಗ್ ಸರಿಯಿರಬೇಕು. ಎಲ್ಲಿಂದ ಶುರು ಮಾಡಲಿ?

ಹಳೆಗಾಡಿ (ಮಂಡ್ಯ):
ಸೊಲೆನಾಯ್ಡ್‌ನ (ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್) ದಪ್ಪ ಬೋಲ್ಟ್‌ನಿಂದ ಸಣ್ಣ ಟರ್ಮಿನಲ್‌ಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ನೋಡಿ. ಎತ್ತಿದರೆ ಕೀ ಸ್ವಿಚ್ಚಿನ ದೋಷ, ಎತ್ತದಿದ್ದರೆ ಸೆಲ್ಫಿನದು. ನಮ್ಮ ಕಡೆ ಎಲ್ಲರೂ ಹೀಗೆಯೇ ನೋಡುವುದು.

ಆಟೋ ಎಲೆಕ್ಟ್ರಿಷಿಯನ್ (ದಾವಣಗೆರೆ):
ಮಂಡ್ಯದ ಅಣ್ಣನವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಹಾಗೆ ಅಡ್ಡ ಹಿಡಿದರೆ ಕರೆಂಟ್ ಗೇರಿನ ಸೇಫ್ಟಿ ಸ್ವಿಚ್ಚನ್ನು ಬಿಟ್ಟು ನೇರವಾಗಿ ಹರಿಯುತ್ತದೆ. ಗೇರಿನಲ್ಲಿದ್ದರೂ ಸೆಲ್ಫ್ ಎತ್ತುತ್ತದೆ. ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಬೇಕಿಲ್ಲ. ಡೀಸೆಲ್ ನಿಲ್ಲಿಸುವ ಸ್ಟಾಪ್ ಗುಂಡಿ ಎಳೆದಿರದಿದ್ದರೆ, ಕೀ ಆಫ್ ಇದ್ದರೂ ಹತ್ತಿಕೊಳ್ಳುತ್ತದೆ. ಆಗ ಸ್ಕ್ರೂಡ್ರೈವರ್ ಹಿಡಿದವರು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಎದುರಿಗೆ. ಹೀಗೆ ಚಕ್ರದಡಿ ಸಿಕ್ಕು ಪ್ರಾಣ ಕಳೆದುಕೊಂಡವರಿದ್ದಾರೆ. ಎಲ್ಲರೂ ಮಾಡುತ್ತಾರೆ ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ.

ಎರೆಹೊಲದವರೇ, ಹೊಸ ಸೆಲ್ಫಿಗೆ ಈಗಲೇ ದುಡ್ಡು ಹಾಕಬೇಡಿ. ಬೀಪ್‌ನ ಲೆಕ್ಕವನ್ನೂ ಬಿಡಿ. ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. 300 ಆಂಪಿಯರ್ ಹರಿಯುವಾಗ ದಾರಿಯಲ್ಲಿ ಒಂದು ಓಮ್‌ನ ಸಾವಿರದಲ್ಲಿ ಐದು ಭಾಗ ಅಡ್ಡಿಯಿದ್ದರೂ ಒಂದೂವರೆ ವೋಲ್ಟ್ ಅಲ್ಲಿಯೇ ಸೋರಿಹೋಗುತ್ತದೆ. ಅಷ್ಟು ಸಣ್ಣ ಅಡ್ಡಿ ನಿಮ್ಮ ಮೀಟರಿಗೆ ಕಾಣುವುದೇ ಇಲ್ಲ, ಅದು ಬೀಪ್ ಹಾಕಿಯೇ ಹಾಕುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟ್ ನೋಡಬೇಕು.

ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಇಂಜಿನ್ ಹತ್ತಿಕೊಳ್ಳದಂತೆ ಸ್ಟಾಪ್ ಗುಂಡಿಯನ್ನು ಎಳೆದಿಡಿ. ಸೀಟಿನ ಮೇಲೆ ಒಬ್ಬರು ಕೂತು ಕೀ ತಿರುಗಿಸಲಿ, ನೀವು ಚಕ್ರದ ದಾರಿಯಿಂದ ಆಚೆ ನಿಂತು ಮೀಟರ್ ಹಿಡಿಯಿರಿ. ಟ್ರಾಕ್ಟರ್ ಬಿಸಿಯಾಗಿ, ದೋಷ ಕಾಣಿಸಿಕೊಂಡಾಗಲೇ ಅಳೆಯಬೇಕು. ಕೀ ತಿರುಗಿಸುವ ಮೊದಲು ಬ್ಯಾಟರಿ ಎಷ್ಟಿದೆ, ತಿರುಗಿಸಿದಾಗ ಎಷ್ಟಕ್ಕೆ ಇಳಿಯಿತು ಎಂದು ಬರೆದುಕೊಳ್ಳಿ. ಆಮೇಲೆ ಬ್ಯಾಟರಿಯ ಪಾಸಿಟಿವ್ ಕಂಬದಿಂದ ಸೊಲೆನಾಯ್ಡ್‌ನ ದಪ್ಪ ಬೋಲ್ಟ್‌ಗೆ ಹಿಡಿದು ಅಳೆಯಿರಿ. ಅರ್ಧ ವೋಲ್ಟ್ ದಾಟಬಾರದು. ನೆಗೆಟಿವ್ ಕಂಬದಿಂದ ಸೆಲ್ಫಿನ ಮೈಗೆ ಹಿಡಿದಾಗ 0.2 ಅಥವಾ 0.3 ವೋಲ್ಟ್ ಬಂದರೆ ಚಿಂತೆಯಿಲ್ಲ. ಪ್ರತಿ ಸಲವೂ ಕೆಲವೇ ಸೆಕೆಂಡು ಸಾಕು. ಮೀಟರಿನ ಮೊನೆಯನ್ನು ಸೀಸದ ಕಂಬಕ್ಕೇ ಒತ್ತಿ, ಕ್ಲ್ಯಾಂಪಿಗಲ್ಲ. ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಕೂತ ಬಿಳಿ ಪುಡಿಯೇ ಎಷ್ಟೋ ಸಲ ಕಳ್ಳ.

ಎರೆಹೊಲ (ರಾಣೆಬೆನ್ನೂರು):
ಅಣ್ಣ, ಹೇಳಿದಂತೆಯೇ ಅಳೆದೆ. ಸುಮ್ಮನಿದ್ದಾಗ ಬ್ಯಾಟರಿ 12.6. ಬಿಸಿಯಲ್ಲಿ ಸೆಲ್ಫ್ ಹೊಡೆದಾಗ 10.4. ಪಾಸಿಟಿವ್ ಕಡೆ 0.4. ನೆಗೆಟಿವ್ ಕಡೆ ಮಾತ್ರ 1.6!

ಆಟೋ ಎಲೆಕ್ಟ್ರಿಷಿಯನ್ (ದಾವಣಗೆರೆ):
ಬ್ಯಾಟರಿ ಕೊಡುತ್ತಿರುವುದು 10.4, ಸೆಲ್ಫಿಗೆ ಮುಟ್ಟುತ್ತಿರುವುದು 8.4. ಎರಡು ವೋಲ್ಟ್ ದಾರಿಯಲ್ಲೇ ಹೋಯಿತು, ಅದರಲ್ಲಿ ಬಹುಪಾಲು ಅರ್ಥ್ ಕಡೆ. ಮೊದಲು ಅದನ್ನು ಸರಿಪಡಿಸಿ. ಅರ್ಥ್ ಪಟ್ಟಿ ಚಾಸಿಗೆ ಸೇರುವ ಬೋಲ್ಟನ್ನು ಬಿಚ್ಚಿದರೆ ಕೆಳಗೆ ಬಣ್ಣವೋ ತುಕ್ಕೋ ಸಿಗುತ್ತದೆ. ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ, ಮೇಲೆ ಗ್ರೀಸ್ ಸವರಿ. ಪಟ್ಟಿಯ ಎಳೆಗಳು ಹಸಿರುಗಟ್ಟಿದ್ದರೆ ಹೊಸದು ಹಾಕಿ. 50 ಚದರ ಮಿ.ಮೀ. ತಾಮ್ರದ ಕೇಬಲ್ ಇರಲಿ. ಸೆಲ್ಫ್ ಕೂರುವ ಫ್ಲ್ಯಾಂಜಿನ ಮುಖವೂ ಅರ್ಥಿನ ದಾರಿಯೇ ಎಂಬುದು ನೆನಪಿರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಇಲ್ಲದಿದ್ದರೆ ಪಾಸಿಟಿವ್ ಮೇಲಿನ ಸ್ಪಾನರ್ ಚಾಸಿಗೆ ತಗುಲಿ ಕಿಡಿ ಹಾರುತ್ತದೆ, ಪಕ್ಕದಲ್ಲೇ ಬ್ಯಾಟರಿಯ ಹೈಡ್ರೋಜನ್ ಅನಿಲ ಇರುತ್ತದೆ.

ಆದರೆ ಇಷ್ಟಕ್ಕೇ ಮುಗಿಯುತ್ತದೆ ಎಂದು ನನಗೆ ಅನ್ನಿಸುತ್ತಿಲ್ಲ. ಬಿಸಿ ಇಂಜಿನ್‌ನಲ್ಲಿ ಆಯಿಲ್ ತೆಳ್ಳಗಿರುತ್ತದೆ, ಅದು ಬೆಳಗಿನದಕ್ಕಿಂತ ಹಗುರವಾಗಿ ತಿರುಗಬೇಕು. ನಿಮ್ಮದು ಉಲ್ಟಾ. ಅರ್ಥ್ ಸರಿ ಮಾಡಿ, ಮತ್ತೆ ಬಿಸಿಯಲ್ಲಿ ಅಳೆದು ತಿಳಿಸಿ.

ಎರೆಹೊಲ (ರಾಣೆಬೆನ್ನೂರು):
ಬೋಲ್ಟಿನ ಕೆಳಗೆ ಎರಡು ಪದರ ಕೆಂಪು ಬಣ್ಣ ಇತ್ತು. ಉಜ್ಜಿ ಹೊಸ ಕೇಬಲ್ ಹಾಕಿದ ಮೇಲೆ ನೆಗೆಟಿವ್ ಕಡೆ 0.2ಕ್ಕೆ ಇಳಿಯಿತು. ಬೆಳಿಗ್ಗೆ ಈಗ ಬಹಳ ಚುರುಕು. ಬಿಸಿಯಾದ ಮೇಲೆ ಎತ್ತುತ್ತದೆ, ಆದರೆ ಭಾರವಾಗಿ. ಆಗ ಬ್ಯಾಟರಿ 9.1ಕ್ಕೆ ಇಳಿಯುತ್ತದೆ. ಮೊದಲು 10.4 ಇದ್ದದ್ದು ಈಗ ಇನ್ನೂ ಕಡಿಮೆಯಾಯಿತಲ್ಲ, ಬ್ಯಾಟರಿ ಹೋಯಿತೇ?

ಆಟೋ ಎಲೆಕ್ಟ್ರಿಷಿಯನ್ (ದಾವಣಗೆರೆ):
ಬ್ಯಾಟರಿ ಹೋಗಿದ್ದರೆ ಬೆಳಿಗ್ಗೆ ಆ ಚುರುಕು ಬರುತ್ತಿರಲಿಲ್ಲ. ಮೊದಲು ಕೆಟ್ಟ ಅರ್ಥ್ ಕರೆಂಟನ್ನು ತಡೆಯುತ್ತಿತ್ತು, ಹಾಗಾಗಿ ಬ್ಯಾಟರಿಗೆ ಹೊರೆ ಕಾಣಲಿಲ್ಲ. ಈಗ ದಾರಿ ತೆರೆದಿದೆ, ಮೋಟಾರ್ ತನಗೆ ಬೇಕಾದಷ್ಟನ್ನು ಎಳೆಯುತ್ತಿದೆ. ಹೆಚ್ಚು ಎಳೆದೂ ನಿಧಾನ ತಿರುಗುತ್ತಿದೆ ಎಂದರೆ ಒಳಗೆ ಏನೋ ತಡೆ ಹಿಡಿಯುತ್ತಿದೆ. ಮೋಟಾರ್ ನಿಧಾನವಾದಷ್ಟೂ ಎಳೆಯುವ ಕರೆಂಟ್ ಏರುತ್ತದೆ. ಶಾಫ್ಟನ್ನು ಹಿಡಿಯುವ ಬುಷ್ ಸವೆದು ಅರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸುತ್ತಲಿನ ಕಬ್ಬಿಣಕ್ಕೆ ಉಜ್ಜುತ್ತಿರಬಹುದು ಎಂಬುದು ನನ್ನ ಅಂದಾಜು. ಸೆಲ್ಫ್ ಬಿಚ್ಚಿ ಮೇಜಿನ ಮೇಲಿಡಿ. ಪಿನಿಯನ್ (ಫ್ಲೈವೀಲಿಗೆ ಕಚ್ಚುವ ಸಣ್ಣ ಗೇರ್) ಕಡೆಯ ಶಾಫ್ಟನ್ನು ಬೆರಳಿನಿಂದ ಮೇಲೆ ಕೆಳಗೆ ಅಲುಗಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಅದೇ ದೋಷ.

ಎರೆಹೊಲ (ರಾಣೆಬೆನ್ನೂರು):
ನಿಮ್ಮ ಅಂದಾಜು ಸರಿ ಅಣ್ಣ. ಶಾಫ್ಟ್ ಚೆನ್ನಾಗಿಯೇ ಆಡುತ್ತದೆ. ಬುಷ್ಷಿನ ತೂತು ಒಂದು ಕಡೆಗೆ ಮೊಟ್ಟೆಯಾಕಾರಕ್ಕೆ ತಿಂದಿದೆ. ಅರ್ಮೇಚರಿನ ಮೈ ಮೇಲೆ ಸುತ್ತಲೂ ಹೊಳೆಯುವ ಗೀರು, ಫೀಲ್ಡ್ ಕಾಯಿಲಿನ ಒಂದು ಕಬ್ಬಿಣದ ಮೇಲೂ ಅದೇ ಹೊಳಪು. ಒಳಗೆಲ್ಲ ಕರಿ ಪುಡಿ. ಒಂದು ಕಾರ್ಬನ್ ಬ್ರಷ್ ಉಳಿದವಕ್ಕಿಂತ ಅರ್ಧದಷ್ಟಾಗಿದೆ.

ಆಟೋ ಎಲೆಕ್ಟ್ರಿಷಿಯನ್ (ದಾವಣಗೆರೆ):
ಹಾಗಾದರೆ ಇದನ್ನು ಉಳಿಸಿಕೊಳ್ಳಬಹುದು. ಗೀರು ಮೇಲುಮೇಲೆ ಇದ್ದು, ಕಾಮ್ಯುಟೇಟರಿನ (ಬ್ರಷ್ ಮುಟ್ಟುವ ಭಾಗ) ತಾಮ್ರದ ಪಟ್ಟಿಗಳು ಎದ್ದಿಲ್ಲವಾದರೆ ಅರ್ಮೇಚರ್ ಚೆನ್ನಾಗಿದೆ. ಮೀಟರಿನ ಒಂದು ಮೊನೆಯನ್ನು ಶಾಫ್ಟಿಗೆ, ಇನ್ನೊಂದನ್ನು ಆ ಪಟ್ಟಿಗಳಿಗೆ ಒಂದೊಂದಾಗಿ ಮುಟ್ಟಿಸಿ. ಇಲ್ಲಿ ಬೀಪ್ ಬರಲೇಬಾರದು. ಬಂದರೆ ಸುತ್ತು ಅರ್ಥ್ ಆಗಿದೆ, ಆಗ ಬದಲಿಸುವುದೇ ಲೇಸು.

ಬುಷ್‌ಗಳನ್ನು ಎರಡೂ ತುದಿಗೆ ಹೊಸದಾಗಿ ಹಾಕಿಸಿ, ಸವೆದದ್ದು ಒಂದೇ ಆದರೂ. ಕಂಚಿನ ಪುಡಿಯನ್ನು ಒತ್ತಿ ಮಾಡಿದ ಬುಷ್ ಅದು, ಮೈಯೆಲ್ಲ ಸೂಕ್ಷ್ಮ ರಂಧ್ರ. ಹಾಕುವ ಮುನ್ನ ಶುದ್ಧ ಇಂಜಿನ್ ಆಯಿಲ್‌ನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿಡಿ. ಒತ್ತಿ ಕೂರಿಸುವಾಗ ಶಾಫ್ಟಿನ ಅಳತೆಯ ನುಣುಪಾದ ಕಡ್ಡಿಯನ್ನು ಒಳಗೆ ಇಟ್ಟೇ ಒತ್ತಿಸಿ. ತೂತನ್ನು ಕೆರೆದು ಹಿಗ್ಗಿಸುವ ರೀಮರ್ ಆಡಿಸಲು ಬಿಡಬೇಡಿ. ಅದರಿಂದ ರಂಧ್ರಗಳು ಮುಚ್ಚಿದರೆ ನೆನೆಸಿದ ಎಣ್ಣೆ ಹೊರಬರುವುದಿಲ್ಲ. ಬ್ರಷ್‌ಗಳನ್ನು ಪೂರ್ತಿ ಸೆಟ್ ಬದಲಿಸಿ, ಹೋಲ್ಡರಿನಲ್ಲಿ ಸಲೀಸಾಗಿ ಜಾರುತ್ತವೆಯೇ ನೋಡಿ. ಕಾಮ್ಯುಟೇಟರನ್ನು ನುಣುಪಾದ ಗಾಜಿನ ಪುಡಿಯ ಉಪ್ಪುಕಾಗದದಿಂದ ಉಜ್ಜಿ. ಎಮೆರಿ ಕಾಗದ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ.

ಅಡಿಕೆತೋಟ (ತೀರ್ಥಹಳ್ಳಿ):
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಈಗ ಬರುವ ಚಿಕ್ಕ ಗೇರ್ ರಿಡಕ್ಷನ್ ಸೆಲ್ಫನ್ನು ಇಂತಹ ಹಳೆಯ ಗಾಡಿಗೆ ಹಾಕಬಹುದೇ?

ಆಟೋ ಎಲೆಕ್ಟ್ರಿಷಿಯನ್ (ದಾವಣಗೆರೆ):
ಹಾಕಬಹುದು, ಒಳ್ಳೆಯದೇ. ಒಳಗಿನ ಗೇರಿನಿಂದಾಗಿ ಸಣ್ಣ ಮೋಟಾರೇ ಸಾಕಷ್ಟು ಬಲ ಕೊಡುತ್ತದೆ, ಕರೆಂಟೂ ಕಡಿಮೆ ಸಾಕು. ಆದರೆ ಪಿನಿಯನ್ನಿನ ಹಲ್ಲುಗಳ ಎಣಿಕೆ ಮತ್ತು ಗಾತ್ರ, ತಿರುಗುವ ದಿಕ್ಕು, ಫ್ಲ್ಯಾಂಜಿನ ತೂತುಗಳು, ಪಿನಿಯನ್ ಮುಂದೆ ಚಾಚುವ ಉದ್ದ ಎಲ್ಲವೂ ಹಳೆಯದಕ್ಕೆ ಹೊಂದಬೇಕು. ಹಳೆಯ ಸೆಲ್ಫನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಅರ್ಮೇಚರ್ ಸುಟ್ಟವರಿಗೆ ನಾನು ಇದನ್ನೇ ಹೇಳುತ್ತೇನೆ. ಬರೀ ಬುಷ್, ಬ್ರಷ್ ಸವೆದವರಿಗೆ ಹೇಳುವುದಿಲ್ಲ, ಹಳೆಯ ಮೋಟಾರಿನ ತಾಮ್ರ ದಪ್ಪವಾಗಿದೆ.

ಎರೆಹೊಲದವರೇ, ಸೆಲ್ಫ್ ಹೊರಗಿರುವಾಗಲೇ ಆ ತೂತಿನೊಳಗೆ ಟಾರ್ಚ್ ಹಿಡಿದು ಫ್ಲೈವೀಲಿನ ರಿಂಗ್ ಗೇರ್ (ಪಿನಿಯನ್ ಕಚ್ಚುವ ಹಲ್ಲಿನ ಬಳೆ) ನೋಡಿಬಿಡಿ. ಮೂರು ಸಿಲಿಂಡರಿನ ಇಂಜಿನ್ ನಿಲ್ಲುವುದು ಹೆಚ್ಚಾಗಿ ಮೂರೇ ಜಾಗಗಳಲ್ಲಿ, ಹಲ್ಲು ಸವೆಯುವುದೂ ಅಲ್ಲೇ. ಬ್ಯಾಟರಿ ಬಿಚ್ಚಿದ ಮೇಲೆ, ಸ್ಟಾಪ್ ಗುಂಡಿ ಎಳೆದು, ಮೇಲಿನ ಗೇರಿನಲ್ಲಿ ಹಾಕಿ ಟ್ರಾಕ್ಟರನ್ನು ನಿಧಾನವಾಗಿ ತಳ್ಳಿಸುತ್ತಾ ಸುತ್ತಲೂ ನೋಡಿ.

ಎರೆಹೊಲ (ರಾಣೆಬೆನ್ನೂರು):
ರಿಂಗ್ ಗೇರಿನ ಹಲ್ಲು ಚೆನ್ನಾಗಿವೆ, ತುದಿಗಳು ಸ್ವಲ್ಪ ದುಂಡಾಗಿವೆ ಅಷ್ಟೇ. ಶಾಫ್ಟಿಗೂ ಪಟ್ಟಿಗಳಿಗೂ ಬೀಪ್ ಬರಲಿಲ್ಲ. ಬುಷ್, ಬ್ರಷ್ ಎರಡನ್ನೂ ಬದಲಿಸಿದೆ, ಫ್ಲ್ಯಾಂಜಿನ ಮುಖವನ್ನೂ ಉಜ್ಜಿದೆ. ಇವತ್ತು ಮಧ್ಯಾಹ್ನದವರೆಗೆ ಹೊಲ ಹಸನು ಮಾಡಿ, ಬಿಸಿಯಿದ್ದಾಗಲೇ ನಿಲ್ಲಿಸಿ ಅಳೆದೆ: ಬ್ಯಾಟರಿ 10.7, ಸೆಲ್ಫಿನ ಮೇಲೆ 10.2. ಕೀ ಮುಟ್ಟಿದೊಡನೆ ಹತ್ತಿಕೊಂಡಿತು. ದಾವಣಗೆರೆಯ ಅಣ್ಣನವರಿಗೆ ತುಂಬು ಧನ್ಯವಾದ. ನಾಳೆ ಬೆಳಿಗ್ಗೆ ಬಿತ್ತನೆ ಶುರು ಮಾಡುತ್ತಿದ್ದೇವೆ.