ರೂಟ್ ಕೆನಾಲ್ ಮಾಡಿಸ್ಕೊಂಡವರು ಹೇಳಿ, ನಿಜವಾಗ್ಲೂ ಏನೇನಾಗತ್ತೆ?

ಕೆಳಗಿನ ಎಡಗಡೆ ದವಡೆ ಹಲ್ಲು, ಎರಡು ವಾರದಿಂದ ನೋವು. ಮೊದ್ಲು ತಣ್ಣೀರು ಕುಡಿದ್ರೆ ಜುಮ್ ಅಂತಿತ್ತು ಅಷ್ಟೇ, ಆಮೇಲೆ ಸುಮ್ನೆ ಕೂತಿದ್ರೂ ಶುರುವಾಯ್ತು, ರಾತ್ರಿ ಮಲಗಿದ್ರಂತೂ ಕಿವಿವರೆಗೂ ಸಿಡಿಯತ್ತೆ. ಡೆಂಟಿಸ್ಟ್ ಎಕ್ಸ್‌ರೇ ನೋಡಿ ಹುಳುಕು ನರದವರೆಗೂ ಇಳಿದಿದೆ, ರೂಟ್ ಕೆನಾಲ್ ಮಾಡಿ (ಅಂದ್ರೆ ಹಲ್ಲೊಳಗಿನ ನರ ತೆಗೆದು, ಕ್ಲೀನ್ ಮಾಡಿ ತುಂಬಿ) ಮೇಲೆ ಕ್ಯಾಪ್, ಅಂದ್ರೆ ಹಲ್ಲಿನ ಆಕಾರದ ಗಟ್ಟಿ ಕವಚ, ಹಾಕ್ಬೇಕು ಅಂದ್ರು. ನಂಗೆ ಇಂಜೆಕ್ಷನ್ ಅಂದ್ರೇನೇ ಕೈಕಾಲು ತಣ್ಣಗಾಗತ್ತೆ. ಮೊನ್ನೆಯಿಂದ ನೋವು ಪೂರ್ತಿ ಇಳಿದಿದೆ, ಆಂಟಿಬಯಾಟಿಕ್ ತಗೊಂಡು ನೋಡೋಣ್ವಾ ಇಲ್ಲಾ ಕೀಳಿಸಿಬಿಡ್ಲಾ ಅಂತ ಯೋಚನೆ. ಮಾಡಿಸ್ಕೊಂಡವರು ಇದ್ದದ್ದನ್ನ ಇದ್ದ ಹಾಗೇ ಹೇಳಿ ಪ್ಲೀಸ್.

*

ನೋವು ಇಳಿದಿದೆ ಅಂತ ಬರ್ದಿದೀರಲ್ಲ, ಅದನ್ನ ಓದಿ ಎದೆ ಧಸಕ್ಕಂತು, ಅದಕ್ಕೇ ಬೇರೆಲ್ಲ ಬಿಟ್ಟು ಮೊದ್ಲು ಅದನ್ನೇ ಹೇಳ್ತೀನಿ. ನಂಗೂ ಹೀಗೇ ಆಗಿತ್ತು. ಹತ್ತು ದಿನ ನಿದ್ದೆ ಇಲ್ಲ, ಒಂದು ಬೆಳಿಗ್ಗೆ ಎದ್ದಾಗ ನೋವೇ ಇಲ್ಲ, ಅಬ್ಬಾ ವಾಸಿಯಾಯ್ತು ಅಂತ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡ್ಬಿಟ್ಟೆ. ವಾಸಿ ಆಗಿರ್ಲಿಲ್ಲ, ಹಲ್ಲೊಳಗಿನ ನರ ಸತ್ತಿತ್ತು, ಸತ್ತ ನರಕ್ಕೆ ನೋವು ಎಲ್ಲಿಂದ ಬರ್ಬೇಕು. ಆದ್ರೆ ಕ್ರಿಮಿಗಳು ಅಲ್ಲೇ ಇರ್ತವೆ, ಬೇರಿನ ತುದಿಯಲ್ಲಿರೋ ಸಣ್ಣ ತೂತಿನಿಂದ ಆಚೆ ಮೂಳೆಗೆ ಹೋಗ್ತವೆ. ಮೂರು ತಿಂಗಳಾದ್ಮೇಲೆ ಒಸಡಿನ ಮೇಲೆ ಒಂದು ಸಣ್ಣ ಗುಳ್ಳೆ ಎದ್ದಿತು, ಒತ್ತಿದ್ರೆ ಕಹಿಯಾಗಿ ಕೀವು ಬರೋದು, ನಾನು ಬಾಯಿಹುಣ್ಣು ಅಂದ್ಕೊಂಡೆ. ಒಂದಿನ ಕೆನ್ನೆ ಕಣ್ಣಿನ ಕೆಳಗಿನವರೆಗೂ ಊದ್ಕೊಂಡಾಗ ಓಡಿದ್ದು.

ಆಂಟಿಬಯಾಟಿಕ್ ವಿಷಯಾನೂ ಹಾಗೇ. ಊತ, ಜ್ವರ ಇದ್ರೆ ಅದು ಹರಡದ ಹಾಗೆ ತಡೆಯೋಕೆ ಬೇಕಾಗ್ಬಹುದು, ಡಾಕ್ಟರ್ ಹೇಳಿದ್ರೆ ತಗೊಳ್ಳಿ. ಆದ್ರೆ ಮಾತ್ರೆ ರಕ್ತದ ಮೂಲಕ ಹೋಗತ್ತೆ, ನರ ಸತ್ತ ಹಲ್ಲೊಳಗೆ ರಕ್ತಾನೇ ಓಡಲ್ಲ, ಮತ್ತೆ ಮಾತ್ರೆ ಅಲ್ಲಿಗೆ ತಲುಪೋದು ಹೇಗೆ? ಒಳಗೆ ಕೈ ಹಾಕಿ ಕ್ಲೀನ್ ಮಾಡ್ಲೇಬೇಕು. ದಯವಿಟ್ಟು ನೋವಿಲ್ಲ ಅಂತ ಮುಂದೂಡ್ಬೇಡಿ.

*

ನಂದೂ ಅದೇ ಹಲ್ಲು, ಕೆಳಗಿನ ದವಡೆ, ಎರಡು ಸಿಟ್ಟಿಂಗ್ ಆಯ್ತು. ಹೆದರಿಕೆ ಅರ್ಧ ಇರೋದು ಏನು ಮಾಡ್ತಿದಾರೆ ಅಂತ ಗೊತ್ತಾಗದೇ ಇರೋದ್ರಿಂದ, ಅದಕ್ಕೇ ಉದ್ದಕ್ಕೆ ಬರೀತೀನಿ, ಓದ್ಕೊಳ್ಳಿ.

ಕುರ್ಚಿ ಮೇಲೆ ಕೂರಿಸಿ ಮೊದ್ಲು ಒಸಡಿಗೆ ಒಂದು ಜೆಲ್ ಹಚ್ಚಿದ್ರು, ಅದು ಮೇಲ್ಮೈ ಮರಗಟ್ಸತ್ತೆ, ಆಮೇಲೆ ಇಂಜೆಕ್ಷನ್. ಕೆಳದವಡೆಗೆ ಹಲ್ಲಿನ ಪಕ್ಕ ಕೊಡಲ್ಲ, ಬಾಯಿಯ ಹಿಂದುಗಡೆ, ನರ ದವಡೆ ಮೂಳೆಯೊಳಗೆ ಹೋಗೋ ಜಾಗದ ಹತ್ರ ಕೊಡ್ತಾರೆ. ಕೊಟ್ಟ ತಕ್ಷಣ ಎದೆ ಢವಢವ ಅಂತು, ನಾನು ಗಾಬರಿಯಾದೆ, ಆಮೇಲೆ ಗೊತ್ತಾಯ್ತು ಔಷಧಿ ಜೊತೆ ಸ್ವಲ್ಪ ಅಡ್ರಿನಲಿನ್ ಸೇರಿಸಿರ್ತಾರಂತೆ, ಮರಗಟ್ಟಿದ್ದು ಜಾಸ್ತಿ ಹೊತ್ತು ನಿಲ್ಲೋಕೆ, ಕೆಲವೇ ನಿಮಿಷದಲ್ಲಿ ಸರಿಹೋಯ್ತು. (ಹಾರ್ಟ್ ಪ್ರಾಬ್ಲಮ್, ಬಿಪಿ ಇದ್ರೆ, ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ತಿದ್ರೆ, ಗರ್ಭಿಣಿ ಆಗಿದ್ರೆ, ಯಾವ್ದಾದ್ರೂ ಔಷಧಿ ಅಲರ್ಜಿ ಇದ್ರೆ ಮೊದ್ಲೇ ಹೇಳಿ, ಅವ್ರು ಕೇಳ್ದೇ ಇದ್ರೂ ಹೇಳಿ.) ಹತ್ತು ನಿಮಿಷಕ್ಕೆ ಅರ್ಧ ತುಟಿ, ಅರ್ಧ ನಾಲಿಗೆ ನನ್ನದಲ್ಲ ಅನ್ನೋ ಹಾಗಾಯ್ತು.

ಆಮೇಲೆ ಒಂದು ರಬ್ಬರ್ ಹಾಳೆ, ನಡುವೆ ಒಂದು ತೂತು, ಆ ತೂತಿನಿಂದ ಆ ಒಂದು ಹಲ್ಲು ಮಾತ್ರ ಹೊರಗೆ ಕಾಣೋ ಹಾಗೆ ಕ್ಲಿಪ್ ಹಾಕಿ ಕೂರಿಸಿದ್ರು. ರಬ್ಬರ್ ಡ್ಯಾಮ್ ಅಂತಾರೆ. ಉಸಿರು ಕಟ್ಟತ್ತೇನೋ ಅನ್ಸತ್ತೆ, ಮೂಗಿಂದ ಉಸಿರಾಡಿದ್ರೆ ಏನೂ ಆಗಲ್ಲ. ಇದು ಬಹಳ ಮುಖ್ಯ, ಎಂಜಲು ಹಲ್ಲೊಳಗೆ ಹೋಗಲ್ಲ, ಒಳಗೆ ತೊಳೆಯೋ ಔಷಧಿ ಗಂಟಲಿಗೆ ಹೋಗಲ್ಲ, ಸಣ್ಣ ಸೂಜಿ ಕೈಜಾರಿದ್ರೂ ನುಂಗೋ ಭಯ ಇಲ್ಲ. ಹಾಕ್ತೀರಾ ಅಂತ ಮೊದ್ಲೇ ಕೇಳಿ, ಕೇಳೋದ್ರಲ್ಲಿ ತಪ್ಪೇನಿಲ್ಲ.

ಮೇಲಿಂದ ಹಲ್ಲು ಕೊರೆದು ಹುಳುಕೆಲ್ಲ ತೆಗೆದು ಒಳಗಿನ ಕಾಲುವೆಗಳ ಬಾಯಿ ಹುಡುಕ್ತಾರೆ, ನಂಗೆ ಮೂರಿದ್ವು. ಅದ್ರೊಳಗೆ ಫೈಲ್ ಅಂತ ಸೂಜಿ ಥರದ್ದು ಹಾಕಿ ಉಜ್ಜಿ ನರದ ಚೂರು, ಕೊಳೆತದ್ದು ಎಲ್ಲ ತೆಗೀತಾರೆ. ನಾನು ಕೇಳಿ ತೋರಿಸ್ಕೊಂಡೆ, 15ನೇ ನಂಬರ್ ಫೈಲಿನ ತುದಿ 0.15 ಮಿಲಿಮೀಟರ್ ಅಷ್ಟೇ, ಬೆರಳಲ್ಲಿ ಹಿಡಿದ್ರೆ ಬಾಗತ್ತೆ. ಎಷ್ಟು ಆಳ ಹೋಗ್ಬೇಕು ಅಂತ ತಿಳಿಯೋಕೆ ತುಟಿ ಅಂಚಿಗೆ ಒಂದು ಕೊಕ್ಕೆ ಸಿಗಿಸ್ತಾರೆ, ಫೈಲಿಗೆ ಇನ್ನೊಂದು ತಂತಿ, ಬೇರಿನ ತುದಿ ಹತ್ರ ಬಂದ ಹಾಗೆ ಆ ಮಷೀನು ಪೀಪ್ ಪೀಪ್ ಅಂತ ಜೋರು ಮಾಡತ್ತೆ. ಆ ಸದ್ದಿಗೆ ಹೆದರ್ಬೇಡಿ, ಅದು ನಿಮ್ಮ ಒಳ್ಳೇದಕ್ಕೇ, ಬೇರಿನ ತುದಿ ದಾಟ್ಬಾರ್ದು ಅಂತ. ಮಧ್ಯೆ ಮಧ್ಯೆ ಸಿರಿಂಜಿಂದ ತೊಳೀತಾ ಇರ್ತಾರೆ, ಬ್ಲೀಚ್ ವಾಸನೆ ಬರತ್ತೆ, ಅದು ಬ್ಲೀಚೇ, ಸೋಡಿಯಂ ಹೈಪೋಕ್ಲೋರೈಟ್. ಫೈಲ್ ಹೋಗದ ಸಂದಿಗೊಂದಿಲಿರೋ ಕ್ರಿಮಿಗಳನ್ನ ಕೊಲ್ಲೋದು ಅದೇ.

ಮೊದಲ ದಿನ ಒಳಗೆ ಔಷಧಿ ಇಟ್ಟು ಟೆಂಪರರಿ ಫಿಲ್ಲಿಂಗ್ ಹಾಕಿ ಕಳಿಸಿದ್ರು. ಎರಡನೇ ಸಲ ಖಾಲಿ ಕಾಲುವೆಗೆ ಗಟ್ಟಾ ಪರ್ಚಾ ತುಂಬಿದ್ರು, ಗುಲಾಬಿ ಬಣ್ಣದ ಸಣ್ಣ ಸಣ್ಣ ಕಡ್ಡಿಗಳು, ಒಂದು ಮರದ ಹಾಲಿನಿಂದ ಬರೋ ರಬ್ಬರಿನಂಥ ವಸ್ತು. 19ನೇ ಶತಮಾನದಲ್ಲಿ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ತಂತಿಗೆ ನೀರು ತಾಗದಿರೋಕೆ ಇದನ್ನೇ ಸುತ್ತುತಿದ್ರಂತೆ, ನಂಗೆ ಅದು ಕೇಳಿ ಒಂಥರಾ ಧೈರ್ಯ ಬಂತು. ಹೆಚ್ಚಾದ ತುದಿಯನ್ನ ಬಿಸಿ ಸಲಾಕೆಯಿಂದ ಕತ್ತರಿಸಿದಾಗ ಒಂದೆಳೆ ಹೊಗೆ ಬಂತು, ಬಿಸಿ ಏನೂ ತಾಗ್ಲಿಲ್ಲ.

ನೋವು? ಇಂಜೆಕ್ಷನ್ ಚುಚ್ಚಿದಾಗ ಆಗಿದ್ದಷ್ಟೇ. ಒಂದು ಗಂಟೆ ಬಾಯಿ ತೆಗೆದಿಟ್ಟು ದವಡೆ ಕೀಲು ನೋಯ್ತು, ಅದಕ್ಕೆ ಮಧ್ಯೆ ಬಿಡುವು ಕೇಳಿ. ಕೈ ಎತ್ತಿದ್ರೆ ನಿಲ್ಸ್ಬೇಕು ಅಂತ ಶುರುವಿಗೇ ಮಾತಾಡ್ಕೊಳ್ಳಿ.

*

ಮೇಲಿನವರಿಗೆ ಒಂದೇ ಇಂಜೆಕ್ಷನ್‌ಗೆ ಹಿಡೀತು, ನಂಗೆ ಹಿಡೀಲಿಲ್ಲ, ಅದನ್ನೂ ಹೇಳ್ಬೇಕು. ನರ ಉರಿದು ಕೆಂಪಾಗಿರೋ ಹಲ್ಲಿಗೆ, ಅದ್ರಲ್ಲೂ ಕೆಳದವಡೆಗೆ, ಕೆಲವೊಮ್ಮೆ ತುಟಿ ಮರಗಟ್ಟಿದ್ರೂ ಹಲ್ಲು ಮರಗಟ್ಟಲ್ಲ. ಡ್ರಿಲ್ ತಾಗಿದ ಕೂಡ್ಲೇ ಕರೆಂಟ್ ಹೊಡೆದಂಗಾಯ್ತು, ನಾನು ಸಹಿಸ್ಕೊಂಡು ಸುಮ್ನಿದ್ದೆ, ಕಣ್ಣಲ್ಲಿ ನೀರು ಬಂದಾಗ ಡಾಕ್ಟ್ರೇ ನಿಲ್ಸಿ ಯಾಕಮ್ಮ ಹೇಳ್ಲಿಲ್ಲ ಅಂದ್ರು. ಹಲ್ಲಿಗೂ ಮೂಳೆಗೂ ನಡುವೆ ಇನ್ನೊಂದು ಕೊಟ್ರು, ಒಂದು ನೇರ ನರದೊಳಗೇ ಕೊಟ್ರು, ಆ ಕೊನೇದು ಒಂದು ಕ್ಷಣ ಜೋರು, ಆಮೇಲೆ ಪೂರ್ತಿ ಶಾಂತ. ಸಹಿಸ್ಕೊಂಡ್ರೆ ಯಾರಿಗೂ ಉಪಕಾರ ಇಲ್ಲ, ಬಾಯಿಬಿಟ್ಟು ಹೇಳಿ. ಮತ್ತೆ ಮನೆಗೆ ಬಂದ್ಮೇಲೆ ಮರಗಟ್ಟಿದ್ದು ಬಿಡೋವರೆಗೂ, ಎರಡರಿಂದ ನಾಲ್ಕು ಗಂಟೆ, ಏನೂ ಅಗೀಬೇಡಿ, ಗೊತ್ತಿಲ್ದೇ ತುಟಿ ಕಚ್ಕೊಂಡು ಗಾಯ ಆಗತ್ತೆ.

*

ಕ್ಯಾಪ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹಲ್ಲು ಕಳ್ಕೊಂಡಿದ್ದೇ ಅದ್ರಿಂದ. ರೂಟ್ ಕೆನಾಲ್ ಚೆನ್ನಾಗೇ ಆಗಿತ್ತು, ಫಿಲ್ಲಿಂಗೂ ಆಗಿತ್ತು, ನೋವಿಲ್ಲ, ಕ್ಯಾಪ್ ಮುಂದಿನ ತಿಂಗಳು ಹಾಕಿಸಿದ್ರಾಯ್ತು ಅಂತ ತಳ್ತಾ ತಳ್ತಾ ಎಂಟು ತಿಂಗಳಾಯ್ತು. ಹುಳುಕು ತೆಗೆದು, ಕೊರೆದು, ಹಲ್ಲಿನ ಒಳಗೆಲ್ಲ ಟೊಳ್ಳಾಗಿರತ್ತೆ, ಸುತ್ತ ಗೋಡೆ ಮಾತ್ರ ಉಳಿದಿರತ್ತೆ, ಅಗಿಯೋ ಭಾರ ಪೂರ್ತಿ ಅದ್ರ ಮೇಲೆ. ಒಂದಿನ ಟಕ್ ಅಂತ ಸದ್ದು ಬಂತು. ಸೀಳು ಬೇರಿನವರೆಗೂ ಹೋಗಿತ್ತು, ಅದಕ್ಕೆ ಇನ್ನು ಚಿಕಿತ್ಸೆ ಇಲ್ಲ, ಕೀಳಲೇಬೇಕಾಯ್ತು. ಇವತ್ತಿಗೂ ಬೇಜಾರಿದೆ. ಮುಂದಿನ ಹಲ್ಲಿಗೆ ಹೆಚ್ಚು ಭಾಗ ಉಳಿದಿದ್ರೆ ಕ್ಯಾಪ್ ಇಲ್ದೆ ನಡಿಯತ್ತೆ, ದವಡೆ ಹಲ್ಲಿಗೆ ಹಾಗಲ್ಲ, ಕೆಲವೇ ವಾರದೊಳಗೆ ಹಾಕಿಸ್ಕೊಳ್ಳಿ. ಟೆಂಪರರಿ ಫಿಲ್ಲಿಂಗ್ ಮೇಲಂತೂ ತಿಂಗಳುಗಟ್ಟಲೆ ಇರ್ಬೇಡಿ, ಸವೆದು ಸಂದಿಯಿಂದ ಎಂಜಲು ಇಳಿದ್ರೆ ಒಳಗೆ ಮಾಡಿದ ಕ್ಲೀನಿಂಗೆಲ್ಲ ವ್ಯರ್ಥ.

ಕೀಳಿಸಿಬಿಡ್ಲಾ ಅಂತ ಕೇಳಿದ್ರಲ್ಲ. ನಂಗೆ ಆ ಜಾಗ ಖಾಲಿ ಬಿಟ್ಟು ಎರಡು ವರ್ಷಕ್ಕೆ ಪಕ್ಕದ ಹಲ್ಲು ಆ ಕಡೆ ವಾಲಿದೆ, ಮೇಲಿನ ಹಲ್ಲು ಕೆಳಗೆ ಇಳೀತಿದೆ. ಬ್ರಿಡ್ಜ್ (ಅಕ್ಕಪಕ್ಕದ ಹಲ್ಲಿನ ಆಧಾರದಲ್ಲಿ ಕೂರಿಸೋ ಕಟ್ಟಿದ ಹಲ್ಲು) ಅಂದ್ರೆ ಪಕ್ಕದ ಎರಡು ಒಳ್ಳೇ ಹಲ್ಲು ಸವೆಸ್ಬೇಕು, ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಕೂರಿಸೋ ಹಲ್ಲು) ಅಂದ್ರೆ ಮೂಳೆ ಇರ್ಬೇಕು, ತಿಂಗಳುಗಳು ಕಾಯ್ಬೇಕು. ಸೀಳಿದ್ರೆ, ಕಟ್ಟೋಕೆ ಹಲ್ಲೇ ಉಳಿದಿಲ್ಲ ಅಂದ್ರೆ ಕೀಳೋದೇ ಸರಿ, ಉಳಿಸೋಕಾಗತ್ತೆ ಅಂತ ಡಾಕ್ಟ್ರು ಹೇಳ್ತಿದ್ರೆ ಉಳಿಸ್ಕೊಳ್ಳಿ.

*

ನಂದು ಎರಡು ಸಲ ಮಾಡ್ಬೇಕಾಯ್ತು. ಮೇಲಿನ ಮೊದಲ ದವಡೆ ಹಲ್ಲು, ಅದ್ರಲ್ಲಿ ಮೂರು ಕಾಲುವೆ ಎದ್ದು ಕಾಣತ್ತೆ, ನಾಲ್ಕನೇದು ತುಂಬಾ ಸಣ್ಣದು, ಬಹಳಷ್ಟು ಜನಕ್ಕೆ ಇರತ್ತೆ, ತಪ್ಪಿಹೋಗೋದೂ ಅದೇ. ವರ್ಷ ಆದ್ಮೇಲೂ ಕಚ್ಚಿದ್ರೆ ಮಂದ ನೋವು, ಸ್ಪೆಷಲಿಸ್ಟು ಮೈಕ್ರೋಸ್ಕೋಪಲ್ಲಿ ಹುಡುಕಿ ತೆಗೆದ್ರು. ಮೊದಲ ಡಾಕ್ಟ್ರ ಮೇಲೆ ನಂಗೆ ಕೋಪ ಇಲ್ಲ, ಅದು ಕೂದಲಿನಷ್ಟು ಸಣ್ಣದು. ಮುಗಿದ್ಮೇಲೂ ನೋವಿದ್ರೆ ಎಲ್ಲಾ ಮುಗೀತು ಅಂದ್ಕೋಬೇಡಿ, ಮತ್ತೆ ಬಿಚ್ಚಿ ಮಾಡೋಕಾಗತ್ತೆ, ಆಗ್ದಿದ್ರೆ ಒಸಡಿನ ಕಡೆಯಿಂದ ಬೇರಿನ ತುದಿ ಕತ್ತರಿಸೋ ಸಣ್ಣ ಆಪರೇಷನ್ನೂ ಇದೆ.

*

ಕೇಳಿದವಳು ನಾನೇ. ಎಲ್ಲರಿಗೂ ಥ್ಯಾಂಕ್ಸ್, ನಿಮ್ಮ ಮಾತು ಓದಿ ಮಾರನೇ ದಿನಾನೇ ಹೋದೆ. ಮೊದಲ ಸಿಟ್ಟಿಂಗ್ ಆಯ್ತು. ಕೈ ಎತ್ತೋದು ಮಾತಾಡ್ಕೊಂಡಿದ್ದೆ, ಎರಡು ಸಲ ಎತ್ತಿದೆ, ಎರಡು ಸಲಾನೂ ನಿಲ್ಸಿದ್ರು. ಈಗ ಮೂರನೇ ದಿನ, ಸುಮ್ನಿದ್ರೆ ಏನಿಲ್ಲ, ಹಲ್ಲಿಗೆ ಹಲ್ಲು ತಾಗಿದ್ರೆ ನೋಯತ್ತೆ. ನರಾನೇ ತೆಗೆದ್ಮೇಲೆ ಇದು ಯಾಕೆ?

*

ನಾನು ಡೆಂಟಲ್ ಕ್ಲಿನಿಕ್ಕಲ್ಲಿ ಅಸಿಸ್ಟೆಂಟ್, ದಿನಾ ಕೇಳೋ ಪ್ರಶ್ನೆ ಇದು. ತೆಗೆದಿದ್ದು ಹಲ್ಲೊಳಗಿನ ನರ, ಬೇರಿನ ಸುತ್ತ ಹಲ್ಲನ್ನ ಮೂಳೆಗೆ ಹಿಡಿದಿರೋ ನಾರಿನಂಥ ಪದರ ಇದ್ಯಲ್ಲ, ಅದು ಜೀವಂತ ಇದೆ, ಅದು ಕೆಣಕಿದ್ದಕ್ಕೆ ನೋವು. ಕೆಲವು ದಿನದಲ್ಲಿ ದಿನದಿಂದ ದಿನಕ್ಕೆ ಇಳೀಬೇಕು. ನೋವಿನ ಮಾತ್ರೆ ಡಾಕ್ಟ್ರು ಬರೆದಿದ್ದನ್ನೇ ತಗೊಳ್ಳಿ, ಗ್ಯಾಸ್ಟ್ರಿಕ್ ಅಲ್ಸರ್, ಕಿಡ್ನಿ ತೊಂದ್ರೆ, ಆಸ್ತಮಾ ಇದ್ರೆ ಕೆಲವು ಮಾತ್ರೆ ಆಗಲ್ಲ. ಆಸ್ಪಿರಿನ್ ಮಾತ್ರೆ ಪುಡಿಮಾಡಿ ಒಸಡಿಗೆ ಒತ್ತೋದು ಬೇಡ, ಚರ್ಮ ಸುಟ್ಟು ಬೆಳ್ಳಗಾಗಿ ಬಂದವರನ್ನ ನೋಡಿದೀನಿ.

ಒಂದು ಗಮನಿಸಿ, ಬಾಯಿ ಮುಚ್ಚಿದಾಗ ಆ ಹಲ್ಲೇ ಎಲ್ಲಕ್ಕಿಂತ ಮೊದ್ಲು ತಾಗತ್ತಾ? ಹಾಗಿದ್ರೆ ಫಿಲ್ಲಿಂಗ್ ಎತ್ತರ ಆಗಿದೆ, ಮರಗಟ್ಟಿದ ಬಾಯಲ್ಲಿ ಅವತ್ತು ಗೊತ್ತಾಗಿರಲ್ಲ. ಹೋಗಿ ಹೇಳಿ, ಬಣ್ಣದ ಕಾಗದ ಕಚ್ಚಿಸಿ ಗುರುತು ಬಿದ್ದ ಕಡೆ ಸ್ವಲ್ಪ ಉಜ್ತಾರೆ, ಎರಡು ನಿಮಿಷದ ಕೆಲಸ. ಆದ್ರೆ ಊತ ಬಂದ್ರೆ, ಜ್ವರ ಬಂದ್ರೆ, ನೋವು ಇಳಿಯೋ ಬದ್ಲು ಏರ್ತಿದ್ರೆ ಅದೇ ದಿನ ಫೋನ್ ಮಾಡಿ. ನುಂಗೋಕೆ, ಬಾಯಿ ತೆರೆಯೋಕೆ, ಉಸಿರಾಡೋಕೆ ಕಷ್ಟ ಅಂದ್ರೆ ಕ್ಲಿನಿಕ್ ತೆಗೆಯೋವರೆಗೂ ಕಾಯ್ಬೇಡಿ, ರಾತ್ರಿಯಾದ್ರೂ ಸೀದಾ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಇನ್ನೊಂದು, ಈ ಹಲ್ಲು ಇನ್ಮೇಲೆ ಬಿಸಿ ತಣ್ಣಗೆ ಹೇಳಲ್ಲ, ಕ್ಯಾಪ್ ಅಂಚಲ್ಲಿ ಮತ್ತೆ ಹುಳುಕಾದ್ರೂ ಹೇಳಲ್ಲ. ಅದಕ್ಕೇ ಆರು ತಿಂಗಳಿಗೋ ವರ್ಷಕ್ಕೋ ಎಕ್ಸ್‌ರೇ ತೆಗ್ಸಿ, ಬೇರಿನ ತುದಿಯಲ್ಲಿ ಮೂಳೆ ಸವೆದು ಎಕ್ಸ್‌ರೇಲಿ ಕಪ್ಪಾಗಿ ಕಂಡಿದ್ರೆ ಅದು ಮತ್ತೆ ತುಂಬ್ಕೊಂಡು ಬರೋಕೆ ಅಷ್ಟು ಸಮಯ ಬೇಕು.

*

ಹೌದು, ಅದೇ ಹಲ್ಲು ಮೊದ್ಲು ತಾಗ್ತಿತ್ತು! ಇವತ್ತು ಹೋಗಿ ಉಜ್ಜಿಸ್ಕೊಂಡು ಬಂದೆ, ನೀಲಿ ಗುರುತು ಆ ಮೂಲೆಯಲ್ಲೇ ದಪ್ಪಗೆ ಬಿದ್ದಿತ್ತು. ಈಗ್ಲೇ ವ್ಯತ್ಯಾಸ ಗೊತ್ತಾಗ್ತಿದೆ. ಮುಂದಿನ ಗುರುವಾರ ಕಾಲುವೆ ತುಂಬ್ತಾರೆ, ಕ್ಯಾಪ್ ಅಳತೆಗೂ ಈಗ್ಲೇ ಡೇಟ್ ಬರೆಸ್ಕೊಂಡಿದೀನಿ.