‘ನೇಟಿವ್ ಆಬ್ಜೆಕ್ಟ್’‌ಗೆ ಕನ್ನಡದಲ್ಲಿ ಏನನ್ನೋಣ? ನಾಳೆಯೇ ಬೇಕು

ಎಲ್ಲರಿಗೂ ನಮಸ್ಕಾರ.
ಆಸ್ಪತ್ರೆಯ ಮಾಹಿತಿಯನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ತಂತ್ರಾಂಶ ಮಿರ್ತ್ ಕನೆಕ್ಟ್ ಬಳಸುವವರಿಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಿರ್ತ್ ಒಳಗಿನ ಜಾವಾಸ್ಕ್ರಿಪ್ಟ್ ಎಂಜಿನ್ ರೈನೋದಲ್ಲಿ ಇ4ಎಕ್ಸ್ ಇನ್ನೂ ಬದುಕಿದೆ. ಟ್ಯಾಗುಗಳಲ್ಲಿ ಮಾಹಿತಿ ಬರೆಯುವ ಎಕ್ಸ್‌ಎಂಎಲ್ ಅನ್ನು ಜಾವಾಸ್ಕ್ರಿಪ್ಟಿಗೆ ಸೇರಿಸುವ ವಿಸ್ತರಣೆ ಅದು. 2004ರಲ್ಲಿ ಎಕ್ಮಾ-357 ಎಂಬ ಮಾನಕವಾಗಿ ಬಂತಲ್ಲ, ಅದೇ. ಎಕ್ಸ್‌ಎಂಎಲ್‌ಗೆ ಕೋಟ್ ಗುರುತು ಹಾಕಬೇಕಾಗಿಲ್ಲ, ಟ್ಯಾಗುಗಳನ್ನು ಜಾವಾಸ್ಕ್ರಿಪ್ಟ್ ನಡುವೆಯೇ ಬರೆಯಬಹುದು. ‘ರೋಗಿ.ಹೆಸರು’ ಎಂದು ಚುಕ್ಕೆ ಇಟ್ಟರೆ ಒಳಗಿನದು ಕೈಗೆ ಬರುತ್ತದೆ. ಆಟ್ರಿಬ್ಯೂಟ್ (ಟ್ಯಾಗಿನೊಳಗೇ ಬರೆದ ವಿವರ) ಬೇಕಾದರೆ ‘ರೋಗಿ.@ವಯಸ್ಸು’.

‘ಎಕ್ಸ್‌ಎಂಎಲ್ ಇಲ್ಲಿ ನೇಟಿವ್ ಆಬ್ಜೆಕ್ಟ್’ ಎಂಬ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಭಾಷೆಯೊಳಗೇ ಇರುವ ವಸ್ತು ಎಂದರ್ಥ. ‘ಸ್ಥಳೀಯ ವಸ್ತು’ ಎಂದು ಬರೆದೆ. ಸಂತೆಯ ಸೌತೆಕಾಯಿ ನೆನಪಾಯಿತು. ‘ಸ್ಥಳೀಯ’ವನ್ನು ಲೋಕಲ್ ವೇರಿಯಬಲ್‌ಗೆ ಆಗಲೇ ಕೊಟ್ಟಾಗಿದೆ ಬೇರೆ.

---

ಹುಟ್ಟುವಸ್ತು. ಹಳಗನ್ನಡದ ‘ಪುಟ್ಟು’ವಿನ ಪಕಾರ ಹಕಾರವಾಗಿ ‘ಹುಟ್ಟು’. ಪಾಲ್ ಹಾಲಾದ ಹಾಗೆ. ಅಪ್ಪಟ ನಮ್ಮದು.

---

ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಅರಿಸಮಾಸ. ಬೇಡ.

---

‘ಹುಟ್ಟುಗುಣ’ವೂ ಅರಿಸಮಾಸವೇ ಸ್ವಾಮಿ. ಅದನ್ನೂ ಬಿಟ್ಟುಬಿಡ್ತೀರಾ?

---

ಹುಟ್ಟುಗುಣ ಸುಟ್ಟರೂ ಹೋಗದು. ಇ4ಎಕ್ಸ್ 2013ರಲ್ಲಿ ಫೈರ್‌ಫಾಕ್ಸ್ 21ರಿಂದ ಹೋಯಿತು! ಸಮಾಸ ಹಾಗಿರಲಿ, ಎಕ್ಸ್‌ಎಂಎಲ್ ಜಾವಾಸ್ಕ್ರಿಪ್ಟಿನಲ್ಲಿ ಹುಟ್ಟಿದ್ದೇ ಅಲ್ಲ. ನಮ್ಮ ವ್ಯಾಕರಣದಲ್ಲೇ ‘ದೇಶ್ಯ’, ‘ಅನ್ಯದೇಶ್ಯ’ ಇವೆ. ಇ4ಎಕ್ಸ್ ಮಾಡಿದ್ದು ಅನ್ಯದೇಶ್ಯವನ್ನು ದೇಶ್ಯದ ಸಾಲಿನಲ್ಲಿ ಕೂರಿಸುವ ಕೆಲಸ.

---

ಕೂರಿಸಿದರೆ ದೇಶ್ಯ ಆಗುತ್ತದೆಯೇ? ಟ್ಯಾಗು ಇದ್ದ ಹಾಗೇ ಒಳಗೆ ಬಂದಿದೆ, ಅದು ತತ್ಸಮ. ತದ್ಭವ ಬೇಕಿದ್ದರೆ ಜೆಎಸ್‌ಎಕ್ಸ್ ನೋಡಿ, ರಿಯಾಕ್ಟ್ ಬಳಸುವವರು ಜಾವಾಸ್ಕ್ರಿಪ್ಟ್ ನಡುವೆ ಟ್ಯಾಗು ಬರೆಯುವ ರೀತಿ. ಅಲ್ಲಿ ಟ್ಯಾಗು ಬರೀ ವೇಷ. ಕಂಪೈಲ್ ಆದ ಮೇಲೆ ಉಳಿಯುವುದು ಫಂಕ್ಷನ್ ಕರೆ. ‘ರಾಜನ್’ ‘ರಾಯ’ನಾದ ಹಾಗೆ.

---

ಕೋಡ್ ಬರೆಯುವವರೆಲ್ಲ ‘ನೇಟಿವ್’ ಎಂದೇ ಹೇಳುವುದು. ಬಸ್ಸು, ಕಾಫಿಗೆ ಇಲ್ಲದ ತಕರಾರು ಇದಕ್ಕೇಕೆ? ಸುಮ್ನೆ ಹಾಗೇ ಬಿಡಿ.

---

ಬಸ್ಸಿಗೆ ಉಕಾರ ಹಚ್ಚಿ ನಮ್ಮದು ಮಾಡಿಕೊಂಡೆವು. ‘ನೇಟಿವ್’‌ಗೆ ಏನು ಹಚ್ಚಿದ್ದೀರಿ? ಹೀಗೆ ಬಿಡುತ್ತಾ ಹೋದರೆ ಕ್ರಿಯಾಪದ ಮಾತ್ರ ಕನ್ನಡದಲ್ಲಿ ಉಳಿಯುತ್ತದೆ.

---

ಅದೂ ‘ಮಾಡು’ ಒಂದೇ. ಸೇವ್ ಮಾಡು, ಪಾರ್ಸ್ ಮಾಡು.

---

ಕೇಳಿದವಳು ನಾನೇ. ತತ್ಸಮದ ಮಾತು ಚೆನ್ನಾಗಿದೆ, ಆದರೆ ನನ್ನ ಓದುಗರು ಲ್ಯಾಬ್ ರಿಪೋರ್ಟ್ ಸಾಗಿಸುವವರು. ಒಂದೇ ಪದದ ಆಸೆ ಬಿಟ್ಟೆ. ‘ಎಕ್ಸ್‌ಎಂಎಲ್ ಇಲ್ಲಿ ಜಾವಾಸ್ಕ್ರಿಪ್ಟಿನದೇ ಆಬ್ಜೆಕ್ಟ್, ಹೊರಗಿನ ಪಠ್ಯವಲ್ಲ’ ಎಂದು ಬರೆದು ಕಳಿಸಿದೆ.

ಈಗ ‘ಆಟ್ರಿಬ್ಯೂಟ್’. ‘ಗುಣ’ ಅನ್ನಬಹುದಾ? ಆಬ್ಜೆಕ್ಟಿನ ಪ್ರಾಪರ್ಟಿಗೆ ಏನು ಉಳಿಯುತ್ತದೆ ಆಮೇಲೆ? ಇದೂ ನಾಳೆಯೊಳಗೆ.